ಟಸ್ಕನಿಯ ದ್ರಾಕ್ಷಿ ಕೊಪ್ಪಳಕ್ಕೆ ಬಂತು, ವಯನಾಡಿಗೆ ಏಕೆ ಬರಲಿಲ್ಲ?

ಕೇಣಿಚಿರ: ಡಿಸೆಂಬರ್ ಬಂತೆಂದರೆ ವಯನಾಡಿನ ಪೇಟೆಗಳ ಹಣ್ಣಿನಂಗಡಿಗಳಲ್ಲಿ ಕಪ್ಪು ದ್ರಾಕ್ಷಿಯ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಕೊಳ್ಳುವವರಲ್ಲಿ ತಿನ್ನಲು ಒಯ್ಯುವವರೂ ಉಂಟು, ಭರಣಿಗೆ ತುಂಬಲು ಒಯ್ಯುವವರೂ ಉಂಟು. ಕ್ರಿಸ್ಮಸ್ ಕೇಕಿನ ಜೊತೆ ಪುಟ್ಟ ಗ್ಲಾಸಿನಲ್ಲಿ ಮುಂದಿರಿ ವೈನ್ ಇರಲೇಬೇಕು ಎನ್ನುವ ಮನೆಗಳು ಈ ಕಡೆ ಸಾಕಷ್ಟಿವೆ. ಆದರೆ ಹಣ್ಣು ಈ ನೆಲದ್ದಲ್ಲ. ಒಂದೋ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ, ಇಲ್ಲವೇ ಗಡಿಯಾಚೆ ಕರ್ನಾಟಕದಿಂದ ಬಂದ ದ್ರಾಕ್ಷಿ.

ಕಾಫಿ, ಮೆಣಸು, ಏಲಕ್ಕಿ, ಶುಂಠಿ, ಬಾಳೆ, ಅಡಿಕೆ, ಚಹಾ ಎಲ್ಲವೂ ಬೆಳೆಯುವ ಜಿಲ್ಲೆಯಲ್ಲಿ ದ್ರಾಕ್ಷಿ ಮಾತ್ರ ಏಕಿಲ್ಲ? ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. ಒಂದು ಕಾಲದಲ್ಲಿ ಕರಿಮೆಣಸಿನಿಂದಲೇ ಹೆಸರಾಗಿದ್ದ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಕಡೆಯ ತೋಟಗಳಲ್ಲಿ ಬಳ್ಳಿಗಳು ರೋಗಕ್ಕೂ ಬರಕ್ಕೂ ಸಿಕ್ಕಿ ನಾಶವಾದ ಮೇಲೆ, ಬೇರೆ ಯಾವ ಬೆಳೆ ಕೈಹಿಡಿದೀತು ಎಂದು ಹುಡುಕದ ರೈತರಿಲ್ಲ. ಬಳ್ಳಿ ಹಬ್ಬಿಸಿ ಅಭ್ಯಾಸವಿರುವವರಿಗೆ ಇನ್ನೊಂದು ಬಳ್ಳಿಯ ಮೇಲೆ ಕಣ್ಣು ಹೋಗುವುದು ಸಹಜ. ವೈನ್ ದ್ರಾಕ್ಷಿಗೆ ಬೆಟ್ಟದ ಇಳಿಜಾರು ಬೇಕು, ರಾತ್ರಿ ತಂಪಿರಬೇಕು ಎಂದು ಎಲ್ಲರೂ ಕೇಳಿದ್ದಾರೆ. ಅವೆರಡೂ ವಯನಾಡಿನಲ್ಲಿ ಇವೆ. ಹಾಗಾದರೆ ಕೊರತೆ ಯಾವುದು?

ಇದಕ್ಕೆ ಉತ್ತರ ಹುಡುಕಲು ಇಟಲಿಯ ಟಸ್ಕನಿಯಿಂದ ಹೊರಟು ಕೊಪ್ಪಳ, ದೊಡ್ಡಬಳ್ಳಾಪುರ ಸುತ್ತಿ ಬರಬೇಕು. ಕಾರಣ, ಟಸ್ಕನಿಯ ಹೆಸರಾಂತ ದ್ರಾಕ್ಷಿಯೇ ಈಗ ಕನ್ನಡದ ನೆಲದಲ್ಲಿ ಬೆಳೆಯುತ್ತಿದೆ.

ಸ್ಯಾಂಜೊವೇಸೆಯ ತವರು

ಟಸ್ಕನಿ ಇಟಲಿಯ ನಡುಭಾಗದ ಪ್ರಾಂತ್ಯ. ಫ್ಲಾರೆನ್ಸ್ ಅದರ ರಾಜಧಾನಿ. ಫ್ಲಾರೆನ್ಸ್ ಮತ್ತು ಸಿಯೆನಾ ಊರುಗಳ ನಡುವಿನ ಗುಡ್ಡಗಾಡಿಗೆ ಕಿಯಾಂತಿ ಎಂದು ಹೆಸರು. ಅಲ್ಲಿನ ತೋಟಗಳು ಹೆಚ್ಚಾಗಿ 250ರಿಂದ 600 ಮೀಟರ್ ಎತ್ತರದಲ್ಲಿವೆ; ನಮ್ಮ ಕೇಣಿಚಿರಕ್ಕಿಂತ ತಗ್ಗು. ಇಂಥ ಊರಿನ ದ್ರಾಕ್ಷಿಗೆ ಮಾತ್ರ ಇಂಥ ಹೆಸರು ಸಲ್ಲಬೇಕು ಎಂದು ಟಸ್ಕನಿಯ ದೊರೆ ಮೂರನೆಯ ಕೋಸಿಮೊ ದೆ ಮೆದಿಚಿ 1716ರಲ್ಲೇ ಗಡಿ ಗುರುತಿಸಿ ಆಜ್ಞೆ ಹೊರಡಿಸಿದ್ದ. ಇಂದು ನಾವು ಜಿಐ ಟ್ಯಾಗ್, ಭೌಗೋಳಿಕ ಸೂಚಿಕೆ ಎನ್ನುವ ವ್ಯವಸ್ಥೆಯ ಅಜ್ಜ ಇದು. 2019ರಲ್ಲಿ ವಯನಾಡ್ ರೋಬಸ್ಟಾ ಕಾಫಿಗೆ ಸಿಕ್ಕಿದ್ದೂ ಇದೇ ಜಾತಿಯ ರಕ್ಷಣೆ.

ಅಲ್ಲಿನ ಮುಖ್ಯ ತಳಿ ಸ್ಯಾಂಜೊವೇಸೆ. ಕಪ್ಪು ದ್ರಾಕ್ಷಿ. ರೋಮನ್ನರ ದೇವರಾಜನಾದ ಜೋವ್‌ನ ರಕ್ತ ಎಂಬ ಲ್ಯಾಟಿನ್ ಮಾತಿನಿಂದ ಈ ಹೆಸರು ಬಂತು ಎನ್ನುತ್ತಾರೆ. ಹೆಸರು ದೊಡ್ಡದಾದರೂ ಹಣ್ಣು ಬಹಳ ನಾಜೂಕು. ತಡವಾಗಿ ಮಾಗುತ್ತದೆ, ಸಿಪ್ಪೆ ತೆಳು, ಹುಳಿ ಹೆಚ್ಚು. ಮಾಗುವ ಹೊತ್ತಿನಲ್ಲಿ ಮಳೆ ಬಂದರೆ ಗೊಂಚಲು ಕೊಳೆಯಲು ತಡವಿಲ್ಲ. 2002ರ ಮಳೆಯ ವರ್ಷವನ್ನು ಟಸ್ಕನಿಯ ಬೆಳೆಗಾರರು ಕೆಟ್ಟ ವರ್ಷವೆಂದೇ ನೆನೆಯುತ್ತಾರೆ.

ಕಿಯಾಂತಿ ವೈನಿನಲ್ಲಿ ಯಾವ ಹಣ್ಣು ಎಷ್ಟಿರಬೇಕೆಂಬ ಸೂತ್ರವನ್ನು 1872ರಲ್ಲಿ ಬೆತ್ತಿನೊ ರಿಕಾಸೊಲಿ ಬರೆದಿಟ್ಟ. ಈತ ಇಟಲಿಯ ಪ್ರಧಾನಿಯಾಗಿದ್ದವನು, ತೋಟದ ಒಡೆಯನೂ ಹೌದು. ಸ್ಯಾಂಜೊವೇಸೆಯ ಬಿರುಸನ್ನು ತಗ್ಗಿಸಲು ಆತ ಬಿಳಿ ದ್ರಾಕ್ಷಿಗೂ ಒಂದಿಷ್ಟು ಜಾಗ ಕೊಟ್ಟಿದ್ದ. ಮುಂದೆ ಇದು ದುರುಪಯೋಗವಾಗಿ, ಹುಲ್ಲಿನ ಬುಟ್ಟಿ ಸುತ್ತಿದ ದುಂಡು ಬುಡದ ಬಾಟಲಿಗಳಲ್ಲಿ ತೆಳ್ಳನೆಯ ಅಗ್ಗದ ವೈನ್ ಜಗತ್ತಿಗೆಲ್ಲ ಹೋಗಿ ಕಿಯಾಂತಿಯ ಹೆಸರು ಕೆಟ್ಟಿತು. ಆಮೇಲೆ ನಿಯಮಗಳು ಬಿಗಿಯಾದವು. ಈಗ ಕಪ್ಪು ಹುಂಜದ ಗುರುತಿರುವ ಕಿಯಾಂತಿ ಕ್ಲಾಸಿಕೊದಲ್ಲಿ ಶೇ. 80ಕ್ಕೆ ಕಡಿಮೆಯಿಲ್ಲದಂತೆ ಸ್ಯಾಂಜೊವೇಸೆ ಇರಬೇಕು. ಬಿಳಿ ದ್ರಾಕ್ಷಿ 2006ರ ಬೆಳೆಯಿಂದ ನಿಷಿದ್ಧ. ಒಂದು ಹೆಕ್ಟೇರಿಗೆ ಏಳೂವರೆ ಟನ್ನಿಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ. ಅಂದರೆ ಎಕರೆಗೆ ಸುಮಾರು ಮೂರು ಟನ್. ಸಿಯೆನಾದ ದಕ್ಷಿಣಕ್ಕಿರುವ ಮೊಂತಾಲ್ಚಿನೊ ಊರಿನ ಬ್ರುನೆಲ್ಲೊ ವೈನ್ ಇನ್ನೂ ಕಟ್ಟುನಿಟ್ಟು: ಪೂರ್ತಿ ಸ್ಯಾಂಜೊವೇಸೆ, ಬೇರೆ ಹಣ್ಣಿನ ಹನಿಯೂ ಸೇರಬಾರದು. ಕೊಯ್ಲಾದ ಐದನೆಯ ವರ್ಷದ ಜನವರಿಯವರೆಗೆ ಮಾರುವಂತೆಯೂ ಇಲ್ಲ.

ಟಸ್ಕನಿಯ ಹವೆಯಲ್ಲಿ ಗಮನಿಸಬೇಕಾದ್ದು ಮಳೆಯ ಪ್ರಮಾಣಕ್ಕಿಂತ ಅದು ಬರುವ ಹೊತ್ತು. ಕಿಯಾಂತಿಯಲ್ಲಿ ವರ್ಷಕ್ಕೆ 700ರಿಂದ 900 ಮಿಲಿಮೀಟರ್ ಮಳೆಯಾಗುತ್ತದೆ. ಹೆಚ್ಚಿನದು ಶರತ್ಕಾಲದಿಂದ ವಸಂತದವರೆಗೆ. ಬೇಸಿಗೆ ಒಣ ಬೇಸಿಗೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಮಾರ್ಚ್-ಏಪ್ರಿಲಿನಲ್ಲಿ ಚಿಗುರಿ, ಮೇ-ಜೂನಿನಲ್ಲಿ ಹೂಬಿಟ್ಟು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಯ್ಲು. ಬಳ್ಳಿ ಮೈತುಂಬಿ ಎಲೆ ಹೊತ್ತ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ಎಲೆಯಿಲ್ಲದ ತಿಂಗಳುಗಳಲ್ಲಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಇದು ತಲೆಕೆಳಗು. ಗಿಡ ಮೈತುಂಬುವ ತಿಂಗಳೇ ಮಳೆಯ ತಿಂಗಳು.

ಅಲ್ಲಿನ ಮಣ್ಣೂ ಬಡ ಮಣ್ಣು. ಪುಡಿಯಾಗುವ ಪದರುಗಲ್ಲಿಗೆ ಅಲ್ಲಿಯವರು ಗಲೆಸ್ತ್ರೊ ಎನ್ನುತ್ತಾರೆ, ಸುಣ್ಣದ ಅಂಶವಿರುವ ಗಟ್ಟಿ ಕಲ್ಲಿಗೆ ಅಲ್ಬೆರೇಸೆ ಎನ್ನುತ್ತಾರೆ. ನೀರು ನಿಲ್ಲುವುದಿಲ್ಲ. ಗೊಬ್ಬರ ಜಾಸ್ತಿಯಾದ ಮಣ್ಣಿನಲ್ಲಿ ಬಳ್ಳಿ ಬರೀ ಎಲೆ ಹೊರಡಿಸುತ್ತದೆ. ಬಡ ಮಣ್ಣಿನಲ್ಲಿ ಹಣ್ಣಿನ ಕಡೆ ಗಮನ ಕೊಡುತ್ತದೆ. ಮಲೆನಾಡಿನ ಕಪ್ಪು ಗೋಡು ಮಣ್ಣನ್ನು ನಂಬಿದವರಿಗೆ ಇದು ವಿಚಿತ್ರವಾಗಿ ಕಂಡೀತು.

ನಿದ್ದೆಯಿಲ್ಲದ ಬಳ್ಳಿ

ಈ ಸ್ಯಾಂಜೊವೇಸೆ ಭಾರತಕ್ಕೆ ಬಂದು ಬೇರುಬಿಟ್ಟ ಎರಡು ಜಾಗಗಳನ್ನು ಇಲ್ಲಿ ಹೇಳಬೇಕು. ಒಂದು, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್. ವಿಜಯಪುರಕ್ಕೆ ತಾಗಿಕೊಂಡ ಜಿಲ್ಲೆ ಅದು. ಅಲ್ಲಿ ಇಟಲಿಯ ಸೆಕ್ಕಿ ಸಹೋದರರೂ ಭಾರತೀಯ ಪಾಲುದಾರರೂ ಸೇರಿ ಕಟ್ಟಿದ ಕಂಪನಿಗೆ 'ಫ್ರಾತೆಲ್ಲಿ' ಎಂದು ಹೆಸರು. ಇಟಾಲಿಯನ್ನಿನಲ್ಲಿ ಅಣ್ಣತಮ್ಮಂದಿರು ಎಂದರ್ಥ. ವೈನ್ ತಯಾರಿಸುವ ಹೊಣೆ ಹೊತ್ತವರು ಟಸ್ಕನಿಯ ಪಿಯೆರೊ ಮಾಸಿ. ಇನ್ನೊಂದು ಜಾಗ ಕರ್ನಾಟಕದ್ದೇ: ಕೊಪ್ಪಳ ಜಿಲ್ಲೆಯಲ್ಲಿ ಹಂಪಿ ಹಿಲ್ಸ್ ಎಂದು ಕರೆಯಲಾಗುವ ಪ್ರದೇಶದ ಕೆ.ಆರ್.ಎಸ್.ಎಂ.ಎ. ಎಸ್ಟೇಟ್. ಬಂಡೆಗಲ್ಲು, ಕೆಂಪು ಮಣ್ಣು, ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಬಯಲುಸೀಮೆ. ಜೋಳ, ಸಜ್ಜೆ ಬೆಳೆದ ಸೀಮೆಯಲ್ಲಿ ಸ್ಯಾಂಜೊವೇಸೆ ಹೆಸರಿನ ಬಾಟಲಿ ತಯಾರಾಗಿದೆ ಎಂದರೆ ಹಳಬರು ನಂಬಲಿಕ್ಕಿಲ್ಲ.

ಆದರೆ ಟಸ್ಕನಿಯ ಬಳ್ಳಿಗೆ ಕೊಪ್ಪಳದಲ್ಲಿ ನಿದ್ದೆಯಿಲ್ಲ. ಹಿಮ ಬೀಳದ ಊರಿನಲ್ಲಿ ದ್ರಾಕ್ಷಿ ಎಲೆ ಉದುರಿಸಿ ಮಲಗುವುದಿಲ್ಲ, ವರ್ಷವಿಡೀ ಬೆಳೆಯುತ್ತಲೇ ಇರುತ್ತದೆ. ಬಿಟ್ಟರೆ ಕಾಡುಬಳ್ಳಿ. ಹೀಗಾಗಿ ಬೆಳೆಗಾರನೇ ಕತ್ತರಿ ಹಿಡಿದು ಅದಕ್ಕೆ ಋತುಗಳನ್ನು ಹೇಳಿಕೊಡಬೇಕು. ವಿಜಯಪುರದ ರೈತರು ಇದಕ್ಕೆ ಚಾಟ್ನಿ ಎನ್ನುತ್ತಾರೆ. ಸವರುವುದು ಎಂದರೂ ಆದೀತು.

ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲಿನಲ್ಲಿ ಬಳ್ಳಿಯನ್ನು ಬುಡದ ಹತ್ತಿರಕ್ಕೆ ಕತ್ತರಿಸುತ್ತಾರೆ. ಹೊಸ ಕಡ್ಡಿಗಳು ಬರುತ್ತವೆ. ಕತ್ತರಿಸಿದ 40ರಿಂದ 60 ದಿನಗಳೊಳಗೆ ಆ ಕಡ್ಡಿಯ ಕಣ್ಣುಗಳಲ್ಲಿ ಮುಂದೆ ಬರುವುದು ಗೊಂಚಲೋ ಬರೀ ಚಿಗುರೋ ಎಂಬುದು ತೀರ್ಮಾನವಾಗುತ್ತದೆ. ಈ ದಿನಗಳಲ್ಲಿ ಕಡ್ಡಿಯ ಮೇಲೆ ಚೆನ್ನಾಗಿ ಬಿಸಿಲು ಬೀಳಲೇಬೇಕು. ಮೋಡ ಕವಿದರೆ ಗೊಂಚಲು ಕಡಿಮೆ. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ವಯನಾಡಿನ ಕಥೆಗೆ ಮುಂದೆ ಬೇಕಾಗುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎರಡನೆಯ ಚಾಟ್ನಿ. ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಹಚ್ಚುವುದು ರೂಢಿ. ಬಳ್ಳಿಯ ಪಾಲಿಗೆ ಇದು ಬೆಳಗಿನ ಕೋಳಿ ಕೂಗು. ಚಿಗುರು, ಹೂ, ಕಾಯಿ ಎಲ್ಲ ಚಳಿಗಾಲದಲ್ಲಿ. ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಕೊಯ್ಲು.

ಅಂದರೆ ಟಸ್ಕನಿಯಲ್ಲಿ ಬೇಸಿಗೆಯಲ್ಲಿ ನಡೆಯುವ ಕೆಲಸ ಇಲ್ಲಿ ಚಳಿಗಾಲದಲ್ಲಿ ನಡೆಯುತ್ತದೆ. ಟಸ್ಕನಿಯವರ ಬೇಸಿಗೆಯೂ ನಮ್ಮ ಬಯಲುಸೀಮೆಯ ಚಳಿಗಾಲವೂ ಒಂದು ವಿಷಯದಲ್ಲಿ ಒಂದೇ: ಆಕಾಶ ತಿಳಿ, ಗಾಳಿ ಒಣ. ವ್ಯತ್ಯಾಸವಿರುವುದು ಕೊನೆಯ ವಾರಗಳಲ್ಲಿ. ಟಸ್ಕನಿಯಲ್ಲಿ ಹಣ್ಣು ಮಾಗುತ್ತಾ ಹೋದಂತೆ ದಿನ ತಂಪಾಗುತ್ತಾ ಹೋಗುತ್ತದೆ. ಕೊಪ್ಪಳದಲ್ಲಿ ಮಾಗುತ್ತಾ ಹೋದಂತೆ ಬಿಸಿಲು ಏರುತ್ತದೆ. ಬಿಸಿಲಿಗೆ ಸಕ್ಕರೆ ಬೇಗ ಕೂಡುತ್ತದೆ, ಹುಳಿ ಬೇಗ ಇಳಿಯುತ್ತದೆ. ವೈನಿಗೆ ಎರಡೂ ಬೇಕು. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಬರುತ್ತದೆ. ಹೀಗಾಗಿ ವೈನ್ ದ್ರಾಕ್ಷಿ ಕೊಯ್ಯುವಾಗ ನೂರು ಗ್ರಾಂ ರಸದಲ್ಲಿ 22ರಿಂದ 24 ಗ್ರಾಂ ಸಕ್ಕರೆ ನೋಡುತ್ತಾರೆ. ತಿನ್ನುವ ದ್ರಾಕ್ಷಿಗೆ 16-18 ಸಾಕು. ಸಕ್ಕರೆ ಅಲ್ಲಿಗೆ ಮುಟ್ಟುವ ಮೊದಲೇ ಹುಳಿ ಸೋರಿಹೋದರೆ ವೈನ್ ಸಪ್ಪೆ. ಸ್ಯಾಂಜೊವೇಸೆಯ ಹುಟ್ಟುಗುಣವೇ ಹುಳಿ. ತವರಿನಲ್ಲಿ ಬಿರುಸೆನಿಸುವ ಆ ಗುಣ ಬಿಸಿಲಿನ ನಾಡಿನಲ್ಲಿ ಉಪಕಾರಕ್ಕೆ ಬರುತ್ತದೆ.

ನಂದಿಯ ತಪ್ಪಲು, ಬೆಂಗಳೂರು ನೀಲಿ

ಕರ್ನಾಟಕದ ವೈನಿನ ಕಥೆ ಕೊಪ್ಪಳದಿಂದ ಶುರುವಾದದ್ದಲ್ಲ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಫ್ರಾನ್ಸಿನ ತಳಿಗಳ ತೋಟ ಹಾಕಿದರು. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರಿಗೆ ಜೊತೆಯಾಗಿದ್ದರು. ಬಳಿಕ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ಜನವರಿಯ ರಾತ್ರಿಗಳಲ್ಲಿ 15-16 ಡಿಗ್ರಿ, 800 ಮಿ.ಮೀ. ಆಸುಪಾಸಿನ ಮಳೆ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯನ್ನೂ ರಚಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಾಟಲಿಯ ಲೇಬಲ್ಲಿಗೆ ಬರತೊಡಗಿದವು.

ಆದರೂ ನಂದಿ ಸೀಮೆಯ ಸಾಮಾನ್ಯ ರೈತನ ಚಪ್ಪರದಲ್ಲಿ ನೇತಾಡುವುದು ಕ್ಯಾಬರ್ನೆಯೂ ಅಲ್ಲ, ಸ್ಯಾಂಜೊವೇಸೆಯೂ ಅಲ್ಲ. ಬೆಂಗಳೂರು ನೀಲಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹೆಸರು ಬೆಂಗಳೂರಿನದಾದರೂ ಮೂಲ ಅಮೆರಿಕದ್ದು. ಹೊರದೇಶಗಳಲ್ಲಿ ಇದೇ ಹಣ್ಣಿಗೆ ಇಸಾಬೆಲ್ಲಾ ಎನ್ನುತ್ತಾರೆ.

ಇಲ್ಲೊಂದು ತಮಾಷೆಯಿದೆ. ಇಸಾಬೆಲ್ಲಾ ಇಟಲಿಯಲ್ಲೂ ಉಂಟು. ಅಲ್ಲಿ ಅದಕ್ಕೆ ಊವಾ ಫ್ರಾಗೊಲಾ, ಅಂದರೆ ಸ್ಟ್ರಾಬೆರಿ ದ್ರಾಕ್ಷಿ ಎಂದು ಹೆಸರು. ಕಪ್ಪು ದ್ರಾಕ್ಷಿ ಕಚ್ಚಿದಾಗ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರಿ, ಒಂದು ಬಗೆಯ ಗಮಲು ಮೂಗಿಗೆ ಅಡರುತ್ತದಲ್ಲ, ಅದನ್ನೇ ಇಟಲಿಯವರು ಸ್ಟ್ರಾಬೆರಿ ಎಂದರು. ಹಳ್ಳಿಮನೆಗಳಲ್ಲಿ ಅದರಿಂದ ಫ್ರಾಗೊಲಿನೊ ಎಂಬ ಪಾನೀಯ ಮಾಡಿ ಕುಡಿಯುವುದುಂಟು. ಆದರೆ ಅದನ್ನು ವೈನ್ ಎಂದು ಮಾರುವಂತಿಲ್ಲ. ಇಟಲಿ 1930ರ ದಶಕದಲ್ಲೇ ತಡೆ ಹಾಕಿತು, ಯುರೋಪಿಯನ್ ಒಕ್ಕೂಟದ ನಿಯಮದಲ್ಲೂ ಇಸಾಬೆಲ್ಲಾದಿಂದ ವೈನ್ ಮಾಡಿ ಮಾರುವುದು ನಿಷಿದ್ಧ. ಮೆಥನಾಲ್ ಅಂಶ ಹೆಚ್ಚಾದೀತು ಎಂಬುದು ಒಂದು ಕಾರಣವಾಗಿ ಹೇಳಲಾಗುತ್ತಿತ್ತು. ಅಗ್ಗದ ಹಣ್ಣಿನ ವೈನ್ ತುಂಬಿ ಯುರೋಪಿನ ಹಳೆಯ ತಳಿಗಳ ಮಾರುಕಟ್ಟೆ ಕೆಟ್ಟೀತು ಎಂಬ ಲೆಕ್ಕಾಚಾರವೂ ಇತ್ತು. ಅಲ್ಲಿ ಬಾಗಿಲಾಚೆ ನಿಂತ ಹಣ್ಣು ಇಲ್ಲಿ ಜಿಐ ಪಟ್ಟ ಪಡೆದಿದೆ. ಪೋರ್ಟ್ ಎಂಬ ಹೆಸರಿನಲ್ಲಿ ಮಾರುವ ಸಿಹಿ ವೈನ್‌ಗಳಿಗೂ ಬೆಂಗಳೂರು ನೀಲಿ ಹೋಗುತ್ತದೆ.

ರೈತ ಇದನ್ನು ಬಿಡದಿರಲು ಗಟ್ಟಿ ಕಾರಣವಿದೆ. ರೋಗ ತಡೆಯುವ ಶಕ್ತಿ ಯುರೋಪಿನ ತಳಿಗಳಿಗಿಂತ ಹೆಚ್ಚು. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಎಕರೆಗೆ ಕಿಯಾಂತಿಯ ಮೂರು ಟನ್ನಿನ ಹಲವು ಪಟ್ಟು ಇಳುವರಿ. ಎಲ್ಲಕ್ಕಿಂತ ಮುಖ್ಯವಾಗಿ ಹಣ್ಣಿಗೆ ಮೂರು ದಾರಿಗಳಿವೆ: ತಿನ್ನಬಹುದು, ಜ್ಯೂಸ್ ಮಾಡಬಹುದು, ವೈನರಿಗೆ ಕೊಡಬಹುದು. ಸ್ಯಾಂಜೊವೇಸೆಗೆ ಇರುವುದು ಒಂದೇ ದಾರಿ. ಕಾಳು ಸಣ್ಣದು, ಬೀಜ ದಪ್ಪ, ಸಂತೆಯಲ್ಲಿಟ್ಟರೆ ಕೊಳ್ಳುವವರಿಲ್ಲ. ವೈನರಿ ಒಲ್ಲೆ ಎಂದರೆ ಬೆಳೆದವನ ಪಾಡು ದೇವರಿಗೇ ಪ್ರೀತಿ. ಮಹಾರಾಷ್ಟ್ರದಲ್ಲಿ ಆದದ್ದೂ ಅದೇ. 2008ರ ಆರ್ಥಿಕ ಹಿಂಜರಿತದ ನಂತರ ವೈನ್ ಬೇಡಿಕೆ ಕುಸಿದು, ಕಂಪನಿಗಳು ಹಣ್ಣು ಕೊಳ್ಳುವುದನ್ನು ತಗ್ಗಿಸಿದಾಗ ಅನೇಕರು ವೈನ್ ತಳಿಗಳನ್ನು ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ಹಾಕಿದರು. ಮೂರು ದಾರಿಗಳಿದ್ದವರಿಗೂ 2020ರ ಲಾಕ್‌ಡೌನಿನಲ್ಲಿ ಎಲ್ಲವೂ ಒಟ್ಟಿಗೆ ಮುಚ್ಚಿ ಚಿಕ್ಕಬಳ್ಳಾಪುರ ಕಡೆ ಹಣ್ಣು ಬಳ್ಳಿಯಲ್ಲೇ ಉಳಿದದ್ದುಂಟು. ಆದರೆ ಅದು ಎಂದೋ ಒಮ್ಮೆ ಬರುವ ಸಂಕಟ.

ವಯನಾಡಿನ ಮೂರು ಮಳೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಯನಾಡ್ ಪ್ರಸ್ಥಭೂಮಿಯ ಬಹುಪಾಲು 700ರಿಂದ 1,000 ಮೀಟರ್ ಎತ್ತರದಲ್ಲಿದೆ. ದೊಡ್ಡಬಳ್ಳಾಪುರಕ್ಕೆ ಸರಿಸಮ, ಕಿಯಾಂತಿಗಿಂತ ಮೇಲೆ. ಡಿಸೆಂಬರ್-ಜನವರಿಯ ರಾತ್ರಿಗಳ ತಂಪಿಗೆ ಕೊರತೆಯಿಲ್ಲ. ಎತ್ತರದಲ್ಲೂ ಚಳಿಯಲ್ಲೂ ನಾವು ಪಾಸು. ಫೇಲಾಗುವುದು ಮಳೆಯಲ್ಲಿ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 2,300 ಮಿ.ಮೀ. ಮೇಲೆ. ಲಕ್ಕಿಡಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು, ಪೂರ್ವದ ಪುಲ್ಪಳ್ಳಿ ಕಡೆಗೆ ಕಡಿಮೆ. ಪೂತಾಡಿ ಪಂಚಾಯತಿನ ಕೇಣಿಚಿರ ಲಕ್ಕಿಡಿಯಷ್ಟು ನೆನೆಯುವುದಿಲ್ಲ ನಿಜ. ಆದರೆ ದ್ರಾಕ್ಷಿಯ ಪಂಚಾಂಗವನ್ನು ಇಲ್ಲಿಯ ಮಳೆಯ ಪಂಚಾಂಗದ ಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯುತ್ತದೆ.

ಏಪ್ರಿಲ್ ಚಾಟ್ನಿಯ ನಂತರ ಕಡ್ಡಿಯ ಕಣ್ಣಿನಲ್ಲಿ ಗೊಂಚಲು ಮೂಡಬೇಕಾದ ಹೊತ್ತು ಮೇ ಕೊನೆ, ಜೂನ್. ಆಗ ಇಲ್ಲಿ ಕಾಲವರ್ಷದ ಮೋಡ. ಬಿಸಿಲಿಲ್ಲ, ಗೊಂಚಲಿಲ್ಲ. ಮನೆಯಂಗಳದಲ್ಲಿ ಆಸೆಯಿಂದ ನೆಟ್ಟ ದ್ರಾಕ್ಷಿಬಳ್ಳಿ ಚಪ್ಪರ ತುಂಬ ಎಲೆ ಹೊತ್ತು, ಹಣ್ಣು ಮಾತ್ರ ಬಿಡದೆ ನಿಲ್ಲುವುದಕ್ಕೆ ಇದೊಂದು ದೊಡ್ಡ ಕಾರಣ. ಗೊಬ್ಬರ ಹಾಕಿ ನೋಡಿದೆವು, ಪ್ರಯೋಜನವಿಲ್ಲ ಎನ್ನುವವರಿದ್ದಾರೆ. ಗೊಬ್ಬರ ಹಾಕಿದರೆ ಎಲೆ ಇನ್ನೂ ಹೆಚ್ಚುತ್ತದೆ, ಅಷ್ಟೆ.

ಅಕ್ಟೋಬರ್ ಚಾಟ್ನಿಯ ನಂತರ ಚಿಗುರು, ಹೂ ಬರುವ ಹೊತ್ತಿಗೆ ಗುಡುಗು ಸಹಿತ ತುಲಾವರ್ಷ. ಎಳೆ ಎಲೆ ತೊಯ್ದು ನಿಂತರೆ ಅಡಿಯಲ್ಲಿ ಬಿಳಿ ಬೂಜು ಕಟ್ಟುವ ಡೌನಿ ಮಿಲ್ಡ್ಯೂ ರೋಗ ಬರುತ್ತದೆ. ಹೂಗೊಂಚಲಿಗೆ ತಗುಲಿದರೆ ಆ ವರ್ಷದ ಬೆಳೆ ಮುಗಿದಂತೆ. ನಂದಿ ಸೀಮೆಯಲ್ಲೂ ಅಕ್ಟೋಬರ್ ಮಳೆಯ ಕಾಟ ಇದ್ದೇ ಇದೆ, ಅಲ್ಲಿನವರು ಔಷಧಿ ಹೊಡೆದು ಹೊಡೆದು ಸುಸ್ತಾಗುತ್ತಾರೆ. ಇಲ್ಲಿ ಅದರ ದುಪ್ಪಟ್ಟು ಹೊಡೆಯಬೇಕಾದೀತು.

ವಯನಾಡಿನ ರೈತರಿಗೆ ಈ ರೋಗ ಹೊಸದೆನಿಸಿದರೂ ಔಷಧಿ ಹಳೆಯ ಪರಿಚಯ. ಮೆಣಸಿಗೂ ಅಡಿಕೆಗೂ ಮಳೆಗಾಲದ ಮುಂಚೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಮಿಲಾರ್ದೆ ಎಂಬ ವಿಜ್ಞಾನಿ 1885ರಲ್ಲಿ ಡೌನಿ ರೋಗದ ವಿರುದ್ಧ ಇದನ್ನು ಪ್ರಕಟಿಸಿದ. ದ್ರಾಕ್ಷಿಯ ಡೌನಿ ರೋಗಾಣು ಮತ್ತು ಮೆಣಸನ್ನು ದಿಢೀರ್ ಸೊರಗಿಸುವ ಫೈಟೋಫ್ತೊರಾ ರೋಗಾಣು ಒಂದೇ ಬಳಗದ ನೆಂಟರು. ಎರಡಕ್ಕೂ ಬೇಕಾದದ್ದು ನೀರು. ಮೆಣಸಿನ ಬಳ್ಳಿಯನ್ನು ಕೊಂದ ಮಳೆಯ ಊರಿನಲ್ಲಿ ದ್ರಾಕ್ಷಿ ನೆಡುವುದೆಂದರೆ ಅದೇ ಶತ್ರುವಿನ ದಾಯಾದಿಗೆ ಊಟ ಬಡಿಸಿದಂತೆ.

ಮೂರನೆಯ ಮಳೆಯ ಕಥೆ ಇನ್ನೂ ಸ್ವಾರಸ್ಯ. ದ್ರಾಕ್ಷಿ ಮಾಗುವುದು ಫೆಬ್ರುವರಿ, ಮಾರ್ಚ್. ಆಗ ಒಂದು ಹನಿಯೂ ಬೀಳಬಾರದು. ಬಿದ್ದರೆ ಹಣ್ಣು ನೀರು ಹೀರಿ ಸೀಳುತ್ತದೆ, ಕೊಳೆಯುತ್ತದೆ, ಸಕ್ಕರೆ ತೆಳುವಾಗುತ್ತದೆ. ಸರಿಯಾಗಿ ಅದೇ ವಾರಗಳಲ್ಲಿ ವಯನಾಡ್ ಮತ್ತು ಕೊಡಗಿನ ರೋಬಸ್ಟಾ ಬೆಳೆಗಾರ ಆಕಾಶ ನೋಡುತ್ತಾ ಕೂತಿರುತ್ತಾನೆ. ಹೂಮಳೆ ಬಂದರೆ ಕಾಫಿ ಅರಳುತ್ತದೆ, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಮೂರು ವಾರ ಕಳೆದು ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಕೆರೆ ಬತ್ತಿ ಸ್ಪ್ರಿಂಕ್ಲರ್ ಹಾಕಲಾಗದವರಿಗೆ ಆ ಒಂದೆರಡು ಮಳೆಯೇ ವರ್ಷದ ಗಳಿಕೆ. ಒಂದೇ ಮಳೆ ಕಾಫಿಗೆ ವರ, ದ್ರಾಕ್ಷಿಗೆ ಮರಣ. ಈ ಊರಿನ ಆಕಾಶ ಕಾಫಿಯ ಪಕ್ಷ ವಹಿಸಿದೆ.

ಪಶ್ಚಿಮಘಟ್ಟದ ಮಳೆನೆರಳು ಎಷ್ಟು ಹತ್ತಿರದಲ್ಲಿ ಆಟ ಬದಲಿಸುತ್ತದೆ ಎಂಬುದಕ್ಕೆ ಕಂಬಂ ಸಾಕ್ಷಿ. ಬೆಟ್ಟದ ಈ ಬದಿ ಇಡುಕ್ಕಿಯ ಏಲಕ್ಕಿ, ಇಳಿದರೆ ಆ ಬದಿ ದ್ರಾಕ್ಷಿ ಚಪ್ಪರ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ ಸಿಕ್ಕಿತು. ನಮ್ಮ ಕಡೆ ಮುತ್ತಂಗ ಕಾಡು ದಾಟಿ ಗುಂಡ್ಲುಪೇಟೆಗೆ ಇಳಿದರೂ ಅಷ್ಟೇ. ಹಸಿರು ಮುಗಿದು ಸೂರ್ಯಕಾಂತಿ, ಚೆಂಡುಹೂವು, ಅರಿಸಿನದ ಹೊಲಗಳು ಕಾಣುತ್ತವೆ.

ಹಾಗಾದರೆ ಗಡಿಯಾಚೆ ಗುತ್ತಿಗೆಗೆ ಜಮೀನು ಹಿಡಿದು ದ್ರಾಕ್ಷಿ ಹಾಕಬಾರದೇ ಎಂದು ಕೇಳುವವರುಂಟು. ವಯನಾಡಿನ ಎಷ್ಟೋ ರೈತರು ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳಲ್ಲಿ ಶುಂಠಿ ಬೆಳೆಯುವುದು ಹೀಗೆಯೇ. ಆದರೆ ಶುಂಠಿ ಒಂದು ವರ್ಷದ ಆಟ. ಲಾಭವೋ ನಷ್ಟವೋ, ಕಿತ್ತು ಮಾರಿ ಮುಂದಿನ ವರ್ಷ ಬೇರೆ ಹೊಲ. ದ್ರಾಕ್ಷಿಗೆ ಕಲ್ಲುಕಂಬ, ತಂತಿ, ಹನಿ ನೀರಾವರಿ, ಬೇರಿಗೆ ಕಸಿ ಎಲ್ಲ ಮೊದಲೇ ಹಾಕಬೇಕು. ಸರಿಯಾದ ಬೆಳೆಗೆ ಮೂರು ವರ್ಷ ಕಾಯಬೇಕು. ಹಾಕಿದ ಹಣ ಮರಳಲು ಬಳ್ಳಿ ಹತ್ತು ಹದಿನೈದು ವರ್ಷ ಅದೇ ನೆಲದಲ್ಲಿರಬೇಕು. ವರ್ಷ ವರ್ಷಕ್ಕೆ ಬದಲಾಗುವ ಗುತ್ತಿಗೆಯಲ್ಲಿ ಇದು ಆಗುವ ಮಾತಲ್ಲ. ವೈನ್ ತಳಿಯಾದರೆ ಕೊಳ್ಳುವ ಕಂಪನಿಯ ಜೊತೆ ಬರಹದ ಒಪ್ಪಂದವಿಲ್ಲದೆ ಒಂದು ಸಸಿಯನ್ನೂ ನೆಡಬಾರದು ಎಂಬುದನ್ನು ಮಹಾರಾಷ್ಟ್ರದವರ ಅನುಭವ ಹೇಳುತ್ತದೆ.

ಭರಣಿಯ ವೈನ್, ಕಾನೂನಿನ ವೈನ್

ಇನ್ನು ಕ್ರಿಸ್ಮಸ್ ಭರಣಿಯ ವಿಷಯ. ಕಪ್ಪು ದ್ರಾಕ್ಷಿಯನ್ನು ತೊಳೆದು ಒರೆಸಿ, ಹಿಸುಕಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ ಭರಣಿಯ ಬಾಯಿ ಕಟ್ಟಿಡುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕಲಕಿ, ಮೂರು ವಾರಕ್ಕೆ ಸೋಸುತ್ತಾರೆ. ಇಷ್ಟು ಸಕ್ಕರೆ ಯಾಕೆ ಎಂಬುದಕ್ಕೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ತಿನ್ನುವ ದ್ರಾಕ್ಷಿಯ ರಸದಲ್ಲಿ ವೈನಿಗೆ ಬೇಕಾದಷ್ಟು ಸಕ್ಕರೆ ಇರುವುದಿಲ್ಲ, ಹುಳಿ ಮಾತ್ರ ಮುಂದಿರುತ್ತದೆ. ಸುರಿದ ಸಕ್ಕರೆಯಲ್ಲಿ ಒಂದು ಪಾಲು ಹುದುಗಿ ಮದ್ಯಸಾರವಾಗುತ್ತದೆ, ಉಳಿದದ್ದು ಸಿಹಿಯಾಗಿ ನಿಲ್ಲುತ್ತದೆ. ಕಿಯಾಂತಿಯ ಬೆಳೆಗಾರ ಎಕರೆಗೆ ಮೂರೇ ಟನ್ ಸಾಕೆಂದು ಗೊಂಚಲು ಕತ್ತರಿಸಿ ಬಿಸಾಡುವುದು ಹೀಗೆ ಸಕ್ಕರೆ ಸುರಿಯುವ ಅಗತ್ಯ ಬಾರದಿರಲಿ ಎಂದೇ.

ಆದರೆ ಒಂದು ಎಚ್ಚರಿಕೆ ಬೇಕು. ಪರವಾನಗಿಯಿಲ್ಲದೆ ಮನೆಯಲ್ಲಿ ವೈನ್ ತಯಾರಿಸುವುದು ಅಬಕಾರಿ ಕಾಯ್ದೆಯಡಿ ಅಪರಾಧ ಎಂದು ಕೇರಳ ಅಬಕಾರಿ ಇಲಾಖೆ 2019ರ ಕ್ರಿಸ್ಮಸ್ ಮುನ್ನ ತಿಳಿಸಿ ಸಾಕಷ್ಟು ಗುಲ್ಲೆದ್ದಿತ್ತು. ಮನೆಯ ವೈನನ್ನು ಬಾಟಲಿಗೆ ತುಂಬಿ ಪರಿಚಿತರಿಗೆ, ಅಂತರ್ಜಾಲದಲ್ಲಿ ಮಾರಲು ಹೊರಡುವವರು ಇದನ್ನು ಮರೆಯಬಾರದು.

ಕಾನೂನಿನ ದಾರಿಯೂ ಈಗ ಇದೆ. 2022ರಲ್ಲಿ ಕೇರಳ ಸರ್ಕಾರ ಸಣ್ಣ ವೈನರಿಗಳ ನಿಯಮ ತಂದು, ಧಾನ್ಯಗಳನ್ನು ಬಿಟ್ಟು ರಾಜ್ಯದಲ್ಲೇ ಬೆಳೆದ ಹಣ್ಣು ಹಾಗೂ ಇತರ ತೋಟಗಾರಿಕೆ ಉತ್ಪನ್ನಗಳಿಂದ ಕಡಿಮೆ ಮದ್ಯಸಾರದ ವೈನ್ ತಯಾರಿಸಲು ಅವಕಾಶ ಕೊಟ್ಟಿತು. ಕೇರಳ ಕೃಷಿ ವಿಶ್ವವಿದ್ಯಾಲಯ 'ನಿಳಾ' ಹೆಸರಿನಲ್ಲಿ ಬಾಳೆ, ಅನಾನಸ್, ಗೇರುಹಣ್ಣುಗಳ ವೈನ್ ತಯಾರಿಸಿದೆ. ಹುದುಗುವಿಕೆಗೆ ಬೇಕಾದದ್ದು ಸಕ್ಕರೆ ಮತ್ತು ಯೀಸ್ಟ್. ಹಣ್ಣು ದ್ರಾಕ್ಷಿಯೇ ಆಗಬೇಕೆಂದಿಲ್ಲ. ವಯನಾಡಿನಲ್ಲಿ ಕೊಳ್ಳುವವರಿಲ್ಲದೆ ಮರದಡಿ ಕೊಳೆಯುವ ಹಲಸು, ಬೆಲೆ ಕುಸಿದಾಗ ಕಡಿದೊಗೆಯುವ ನೇಂದ್ರ ಬಾಳೆ ಎರಡಕ್ಕೂ ಸಕ್ಕರೆಯ ಕೊರತೆಯಿಲ್ಲ. ಆದರೆ ಇದು ಭರಣಿಯಲ್ಲಿ ಮುಗಿಯುವ ಕೆಲಸವಲ್ಲ. ಅಬಕಾರಿ ಪರವಾನಗಿ, ಕಟ್ಟಡ, ಪರೀಕ್ಷೆ, ಶುಲ್ಕ ಎಲ್ಲ ಉಂಟು. ಒಬ್ಬ ರೈತನಿಗಿಂತ ಸಹಕಾರ ಸಂಘಕ್ಕೋ ರೈತ ಉತ್ಪಾದಕರ ಕಂಪನಿಗೋ ಹೊಂದುವ ಕೆಲಸ. ಮಾಹಿತಿ ಬೇಕಾದವರು ಪಂಚಾಯತಿನ ಕೃಷಿಭವನ ಮತ್ತು ಅಬಕಾರಿ ಕಚೇರಿ ಎರಡನ್ನೂ ವಿಚಾರಿಸಿ, ಶುಲ್ಕದ ಲೆಕ್ಕ ಹಾಕಿಕೊಂಡ ಮೇಲೆ ಮುಂದುವರಿಯಬಹುದು.